ಹದಿನೇಳನೆಯ ಪುಟ

ಗುಳೇದಗುಡ್ಡದ ನೇಕಾರ ಸಂಘದ ಮಾಳಿಗೆಯಲ್ಲಿ
ಫ್ಯಾನು ಮೂರಕ್ಕಿಟ್ಟರೂ ಒಂದರಲ್ಲೇ ತಿರುಗುತ್ತದೆ.
ಕೆಳಗೆ ಖಣದ ಅಟ್ಟಿ, ಮೇಲೆ ನಾನು,
ನನ್ನೆದುರು ಕೈಪಿಡಿಯ ಹದಿನೇಳನೆಯ ಪುಟ:
ಉದ್ಧರಣೆಯೊಳಗೆ ಉದ್ಧರಣೆ ಬರೆಯುವುದು ಹೇಗೆ.

ಹದಿನಾರು ಪುಟ ಸಲೀಸು. ಕೋಷ್ಟಕ ಎಂದರೇನು,
ಹುಡುಕುವುದು, ಜೋಡಿಸುವುದು,
ಅಳಿಸುವ ಮುನ್ನ ಒಮ್ಮೆ ಎಣಿಸುವುದು.
ಈ ಪುಟ ಹುಟ್ಟಿದ್ದು ಶ್ರಾವಣದ ಒಂದು ಶನಿವಾರ,
ಹೊಸ ಗುಮಾಸ್ತ ಗುರುಸಿದ್ದ ದಾಸ್ತಾನು ಬರೆಯುವಾಗ:

"ಸೂಜಿಮಲ್ಲಿಗೆ ಖಣ, 31" ಅಗಲ"

ಮೂವತ್ತೊಂದರ ನೆತ್ತಿಯಲ್ಲಿ ಇಂಚಿನ ಎರಡು ಗೀರು.
ಯಂತ್ರ ಅವನ್ನು ಬಾಗಿಲೆಂದು ತಿಳಿಯಿತು,
ಮಾತು ಮುಗಿಯಿತೆಂದು ಮುಚ್ಚಿತು.
ಹೊರಗುಳಿದ ಪದವನ್ನು ಅಪ್ಪಣೆಯೆಂದು ಓದಿ
ಕೆಂಪಾಗಿ ಹೇಳಿತು: ‘ಅಗಲ’ ಎಂಬ ಆಜ್ಞೆ ನನಗೆ ಗೊತ್ತಿಲ್ಲ.
ನನಗೆ ಗೊತ್ತಿತ್ತು.
ಗೀರಿನೊಳಗಿದ್ದರೆ ಬಟ್ಟೆಯ ಪನ್ನ,
ಹೊರಗೆ ಬಿದ್ದರೆ ಬಿಟ್ಟುಹೋಗು ಎಂಬಂತೆ.
ಅವೇ ಮೂರಕ್ಷರ.

ಆದ್ದರಿಂದ ಬರೆದೆ: ಗೀರಿನ ಹಿಂದೆ ಒಂದು ಓರೆಗೆರೆ ಇಡಿ.
\"
ಈಗದು ಬಾಗಿಲಲ್ಲ, ಬರೀ ಇಂಚು.

ಎಸ್ಕೇಪ್ ಅನ್ನುತ್ತಾರೆ ಇದಕ್ಕೆ. ಕನ್ನಡದಲ್ಲಿ ಏನನ್ನಲಿ?
ಪರಾರಿ ಎಂದೆ, ಪೊಲೀಸ್ ಠಾಣೆ ಕಂಡಿತು.
ವಿಮೋಚನೆ ಎಂದೆ, ಮಠದ ವಿಭೂತಿ ಘಮ್ಮೆಂದಿತು.
ಇಲ್ಲಿ ಓಡಿಹೋದವರು ಯಾರೂ ಇಲ್ಲ.
ಅಕ್ಷರ ಕೂತಲ್ಲೇ ಕೂತಿದೆ, ಹುದ್ದೆ ಮಾತ್ರ ಇಳಿದಿದೆ,
ಬಾದಾಮಿ ಕೋರ್ಟಿನಲ್ಲಿ ಹೆಸರು ಕೂಗುತ್ತಿದ್ದ ಹುಚ್ಚೇಶಪ್ಪ
ನಿವೃತ್ತನಾಗಿ ಚಹಾದಂಗಡಿಯಲ್ಲಿ ಯಾರನ್ನೋ ಕರೆದರೆ
ಈಗ ಯಾರೂ ಎದ್ದು ನಿಲ್ಲದ ಹಾಗೆ.
‘ಹುದ್ದೆ ಇಳಿಸುವ ಗೆರೆ’ ಎಂದೇ ಬರೆದೆ. ಉದ್ದವಾಯಿತು. ಇರಲಿ.

ಮುಂದಿನ ಸಾಲಿಗೇ ಸಿಕ್ಕಿಬಿದ್ದೆ.
\n ಎಂದರೆ ಹೊಸ ಸಾಲು. \t ಎಂದರೆ ಒಂದು ಜಿಗಿತ.
ಇಲ್ಲಿ ಅದೇ ಗೆರೆ ಹುದ್ದೆ ಕೊಡುತ್ತಿದೆ,
ಬಡಪಾಯಿ ಎನ್ ಎದ್ದು ಸಾಲನ್ನೇ ಮುರಿಯುತ್ತಿದೆ.
ನಾನಿಟ್ಟ ಹೆಸರು ಅರ್ಧ ಸುಳ್ಳಾಯಿತು.

\u0CCD ನಮ್ಮದೇ:
ತನಗೆ ಸದ್ದಿಲ್ಲ, ಹಿಂದಿನ ಅಕ್ಷರದ ಉಸಿರು ತೆಗೆದು
ಮುಂದಿನದನ್ನು ಅದರ ಕಾಲಡಿ ಒತ್ತಾಗಿ ಕೂರಿಸುತ್ತದೆ.
ಒಂದನೇ ಇಯತ್ತೆಯಲ್ಲಿ ಪಾಟಿಯ ಮೇಲೆ
ಅಪ್ಪ, ಅವ್ವ ಎಂದು ಬರೆದಾಗಲೇ ಕಲಿತದ್ದು;
ಇದು ಕಲಿಕೆ ಎಂದು ಆಗ ಯಾರೂ ಹೇಳಲಿಲ್ಲ.

ಓರೆಗೆರೆಯೇ ಬೇಕಾದರೆ ಎರಡು ಬರೆಯಿರಿ ಎಂದಿದ್ದೆ.
ನವನಗರದ ಅಚ್ಚಿನ ಯಂತ್ರ ಒಂದನ್ನು ನುಂಗಿತು.
ಕರಡು ಹೀಗೆ ಬಂತು: \ ಬೇಕಾದರೆ \ ಬರೆಯಿರಿ.
ವೇದಾಂತದ ಹಾಗಿತ್ತು, ಉಪಯೋಗವಿರಲಿಲ್ಲ.
ನಾಲ್ಕು ಕಳಿಸಿದೆ. ಎರಡು ಬಂದವು.

ಇನ್ನು ಉಳಿದದ್ದು ಒಂದು ಉದಾಹರಣೆ.
ಮೆಟ್ಟಿಲೇರಿ ಬಂದ ಮುರಿಗೆಮ್ಮ ಶೇಬಿನಕಟ್ಟಿ
ಏದುಸಿರಲ್ಲೇ ಕೇಳಿದಳು, ಕೇಳಿದ ಹಾಗೇ ಬರೆದುಕೊಂಡೆ:

"ಮುರಿಗೆಮ್ಮ ಅಂದಳು: \"ನನ್ನ ಕೂಲಿ ಯಾವಾಗ ಕೊಡ್ತೀರಿ?\""

ಸರಿಯಾಗಿ ಓಡಿತು. ದೋಷ ಸೊನ್ನೆ.
ಖುಷಿಯಲ್ಲಿ ಪರದೆ ತಿರುಗಿಸಿ ತೋರಿಸಿದೆ.
ಕನ್ನಡಕ ಏರಿಸಿದಳು, ಒಂದೊಂದೇ ಅಕ್ಷರ ಕೂಡಿಸಿದಳು.
“ನಾ ಅಂದದ್ದು ಅಂದಂಗ ಐತಿ” ಎಂದಳು.
“ಉತ್ತರ ಎಲ್ಲೈತಿ?”

ಪ್ರಶ್ನೆ ಕೇಳುವುದಕ್ಕೆಂದೇ ಮಾಡಿದ ಈ ಭಾಷೆಯಲ್ಲಿ, ಯವ್ವಾ,
ಉದ್ಧರಣೆಯೊಳಗೆ ಕೂತದ್ದು ಪ್ರಶ್ನೆಯಲ್ಲ, ಪಠ್ಯ.
ಯಂತ್ರ ತಡವದೆ ದಾಟಿಹೋಗಲೆಂದೇ
ಇಷ್ಟೆಲ್ಲ ಗೆರೆ ಎಳೆದಿದ್ದೇವೆ.
ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಗೀರು ತೆಗೆದೆ, ಓರೆಗೆರೆ ತೆಗೆದೆ.
ಅವಳ ಹೆಸರಿಗಷ್ಟೇ ಉದ್ಧರಣೆ ಉಳಿಸಿ
ಸಂಘದ ಪುಸ್ತಕವನ್ನೇ ಕೇಳಿದೆ.
ಏಳು ವಾರ. ನಾಲ್ಕು ಸಾವಿರದ ಇನ್ನೂರ ಹತ್ತು.

“ಕೆಳಗ ಕೇಳೂಹಂಗ ಓದು” ಎಂದಳು.
ಓದಿದೆ. ಕೆಳಗೆ ಅಧ್ಯಕ್ಷರ ಕುರ್ಚಿ ಕಿರ್ರೆಂದಿತು.

ಅಚ್ಚಾದ ಪುಟದಲ್ಲಿ ಆ ಉದಾಹರಣೆ ಹಾಗೇ ಇದೆ.
ಅದರ ಬುಡದಲ್ಲಿ, ಸಣ್ಣ ಅಕ್ಷರದಲ್ಲಿ:
ಉತ್ತರಕ್ಕೆ ನಾಲ್ಕನೆಯ ಪುಟ ನೋಡಿ.